ಒಲೆ ಉರಿಯುತ್ತಿತ್ತು, ಚಪ್ಪಲಿ ಬಾಗಿಲಲ್ಲೇ ಇತ್ತು

ಸೋಮವಾರ, ಮಧ್ಯಾಹ್ನ
(ನಿಮ್ಮಪ್ಪ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿರುವ ಹೊತ್ತು)

ಎದುರುತ್ತರದಲ್ಲಿ ಎಂದೂ ಸೋಲದ ನನ್ನ ಮಗಳಿಗೆ ಅಮ್ಮನ ಪ್ರೀತಿ.

ಅತೀವ ದುಃಖದಿಂದ ತಿಳಿಸುವುದೇನೆಂದರೆ, ನೀನು ಹುಟ್ಟುವ ಮೊದಲೇ ಈ ಅಡಿಗೆಮನೆಯ ಸೇವೆಗೆ ಸೇರಿದವಳೂ, ನಿತ್ಯ ಬೆಂದರೂ ಒಂದು ದಿನವೂ ಸಿಡಿಯದವಳೂ, ಹೇಳಬೇಕಾದ್ದನ್ನು ಮೂರು ಕೂಗಿನಲ್ಲಿ ಹೇಳಿ ಮುಗಿಸುತ್ತಿದ್ದವಳೂ ಆದ ನಮ್ಮ ಪ್ರೆಶರ್ ಕುಕ್ಕರ್ ಕಳೆದ ಬುಧವಾರ ಪ್ರಭುವಿನಲ್ಲಿ ನಿದ್ರೆಹೋದಳು. ಕೊನೆಗಾಲದಲ್ಲಿ ಹೊಟ್ಟೆಯಲ್ಲಿ ಆಲೂಗಡ್ಡೆ ಇತ್ತು. ತಳ ಇದ್ದಿಲಾಗಿದೆ, ಗ್ಯಾಸ್ಕೆಟ್ ಕರಗಿ ಮುಚ್ಚಳಕ್ಕೆ ಅಂಟಿದೆ. ಬೂದಿ ಹಾಕಿ ಉಜ್ಜಿದೆ, ನಿಂಬೆಹಣ್ಣು ಹಾಕಿ ಉಜ್ಜಿದೆ. ಪುನರುತ್ಥಾನದ ಲಕ್ಷಣ ಕಾಣುತ್ತಿಲ್ಲ.

ಕುಕ್ಕರ್ ಸತ್ತದ್ದಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ, ಫೋನ್ ಮಾಡಬಾರದಿತ್ತೇ ಎನ್ನುತ್ತೀಯ. ಮಾಡಬಹುದಿತ್ತು. ಆದರೆ ನಿಮ್ಮಪ್ಪ ಈಗ ಬೀದಿ ತುದಿಗೆ ಹೋಗಿಬರುವುದು ಬಿಟ್ಟರೆ ದಿನವಿಡೀ ಮನೆಯಲ್ಲೇ ಇರುತ್ತಾರೆ. ಎರಡೇ ಕೋಣೆಯ ಮನೆಯಲ್ಲಿ ಗುಟ್ಟು ಮಾತಾಡಲು ಜಾಗವೆಲ್ಲಿ? ಮೊನ್ನೆ ಶನಿವಾರ ಬಸ್ ನಿಲ್ದಾಣಕ್ಕೂ ಹೋಗಲಿಲ್ಲ. ಹೌದು, ಸರಿಯಾಗಿಯೇ ಓದಿದೆ. ಹೋಗಲಿಲ್ಲ. ಜ್ವರ ಬಂದಾಗ ಹೋದವರು, ಬಸ್ ಮುಷ್ಕರದ ದಿನ ಖಾಲಿ ನಿಲ್ದಾಣಕ್ಕೆ ಹೋಗಿ ಕಂಬಗಳಿಗೆ ಸುವಾರ್ತೆ ಸಾರಿದವರು, ನಿನ್ನ ಮದುವೆ ಶನಿವಾರ ಬಿದ್ದಾಗ ಮದುವೆಯನ್ನೇ ಬಿಟ್ಟು ಅಲ್ಲಿಗೆ ಹೋದವರು, ಮೊನ್ನೆ ಹೋಗಲಿಲ್ಲ. ಮೈಕು ಬೀರುವಿನ ಮೇಲೆ ಬಾಯಿ ಕೆಳಗೆ ಮಾಡಿ ಮಲಗಿದೆ. ನಿಲ್ದಾಣದ ಟಿಕೆಟ್ ಕೌಂಟರಿನವನು ನನ್ನನ್ನು ತರಕಾರಿ ಅಂಗಡಿಯಲ್ಲಿ ಹಿಡಿದ. "ಏನಮ್ಮಾ, ಲೋಕಾಂತ್ಯ ಕ್ಯಾನ್ಸಲ್ ಆಯ್ತಾ? ಯಜಮಾನ್ರು ಕಾಣ್ಲೇ ಇಲ್ಲ!" ಅಂದ. "ಕ್ಯಾನ್ಸಲ್ ಅಲ್ಲಪ್ಪಾ, ಲೇಟು. ನಿಮ್ಮ ಬಸ್ಸಿನ ಹಾಗೆ" ಅಂದೆ. ಅವನು ನಕ್ಕ. ನನಗೆ ನಗಲು ಶಕ್ತಿಯಿರಲಿಲ್ಲ.

ಗುರುವಾರ ನೀನು ಫೋನ್ ಮಾಡಿದಾಗ ಒಂದು ಮಾತು ಹೇಳಿದೆಯಲ್ಲ: ಹಿಂದಿನ ದಿನ ಯಾವುದೋ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು, ಯಾರೋ ಮುದುಕ ಏದುಸಿರು ಬಿಡುತ್ತ "ನೀನಿದ್ದೀಯಾ?" ಅಂದ, ನೀನು "ಇದ್ದೀನಿ, ಯಾರು ಬೇಕಾಗಿತ್ತು?" ಅಂದೆ, ಅವನು "ಸಾಕು" ಅಂದು ಇಟ್ಟುಬಿಟ್ಟ, ಇಂಥ ಹುಚ್ಚರ ಕಾಟ ಸಾಕಾಗಿ ನಂಬರನ್ನೇ ಬ್ಲಾಕ್ ಮಾಡಿದೆ ಎಂದು. ನಾನು "ಹೂಂ ಕಣೇ, ಕಾಲ ಕೆಟ್ಟಿದೆ" ಎಂದು ಮಾತು ಹಾರಿಸಿ ನಿನ್ನ ಗಂಡನ ಬೆನ್ನುನೋವು ವಿಚಾರಿಸಿದೆ. ಏಕೆಂದರೆ ಆ ಹುಚ್ಚ ಆಗ ನನ್ನ ಎದುರಿನ ಕುರ್ಚಿಯಲ್ಲೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು.

ದನಿ ಗುರುತಾಗಲಿಲ್ಲವೆಂದು ಕೊರಗಬೇಡ. ನೀನು ಅವರ ದನಿ ಕೇಳಿರುವುದೆಲ್ಲ ಮೈಕಿನಲ್ಲಿ, ಇಲ್ಲವೇ ಮೈಕು ಬೇಡದಷ್ಟು ಗಟ್ಟಿಯಾಗಿ. ಅಷ್ಟು ಸಣ್ಣ ದನಿ ಅವರಲ್ಲಿದೆಯೆಂದು ಅವರನ್ನು ಕಟ್ಟಿಕೊಂಡ ನನಗೇ ಗೊತ್ತಿರಲಿಲ್ಲ.

ಬುಧವಾರ ನಡೆದದ್ದು ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನಿಮ್ಮಪ್ಪ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಮಾಡುವ ಪ್ರಸಂಗ ನೆನಪು ಮಾಡಿಕೊ. ನಿನಗೆ ಬಾಯಿಪಾಠ. ಕರ್ತನು ತನ್ನವರನ್ನು ಇದ್ದಹಾಗೇ ಪರಲೋಕಕ್ಕೆ ಎತ್ತಿಕೊಂಡು, ಮಿಕ್ಕವರನ್ನು ಇಲ್ಲೇ ಬಿಡುವ ದಿನ ಹೇಗಿರುತ್ತದೆ ಎನ್ನುವ ಭಾಗ. "ಒಲೆ ಉರೀತಾ ಇರುತ್ತೆ! ನಲ್ಲಿ ಸುರೀತಾ ಇರುತ್ತೆ! ಚಪ್ಪಲಿ ಬಾಗಿಲಲ್ಲೇ ಇರುತ್ತೆ! ಮನುಷ್ಯ ಮಾತ್ರ ಇರಲ್ಲ! ಆ ಮನೆಗೆ ನೀವು ಬಂದು ನಿಂತ್ರೆ, ಏನ್ಮಾಡ್ತೀರಾ?" ಅಲ್ಲಿ ಒಂದು ಗುಟುಕು ನೀರು ಕುಡಿದು, ಜನ ಬಸ್ಸು ಹತ್ತದಂತೆ ಕಣ್ಣಲ್ಲೇ ತಡೆದು ನಿಲ್ಲಿಸುವರು. ಚಿಕ್ಕವಳಿದ್ದಾಗ ನೀನು ಒಮ್ಮೆ ಶಾಲೆಯಿಂದ ಬಂದು, ನಾನು ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದುದು ತಿಳಿಯದೆ, ಬಾಗಿಲಲ್ಲಿದ್ದ ನನ್ನ ಚಪ್ಪಲಿ ನೋಡಿ ಮೇಜಿನಡಿ ಸೇರಿ ಗಂಟಲು ಬೀಳುವವರೆಗೆ ಅತ್ತಿದ್ದೆ. ಅವರು ನಿನ್ನ ತಲೆ ಸವರಿ, "ಒಳ್ಳೇದೇ ಆಯ್ತು. ಈ ಭಯ ಇರ್ಬೇಕು" ಅಂದಿದ್ದರು. ನೀನು ಮರೆತಿರಲಾರೆ. ನಮ್ಮ ಚರ್ಚಿನ ಸಭೆಯ ಹೊರಗಿನ ಹುಡುಗನನ್ನು ಮದುವೆಯಾಗುತ್ತೇನೆಂದ ದಿನ ಅವರು, "ಆ ದಿನ ನಿನ್ನ ಹುಡುಕೋಕೆ ನಾನಿಲ್ಲಿ ಇರಲ್ಲ" ಅಂದದ್ದನ್ನೂ, ನೀನು, "ಪರವಾಗಿಲ್ಲಪ್ಪಾ, ನಾನಿರ್ತೀನಲ್ಲ, ಮನೆ ನೋಡ್ಕೋತೀನಿ" ಅಂದದ್ದನ್ನೂ ನಾನು ಮರೆತಿಲ್ಲ. ಅಲ್ಲಿಗೆ ಅಪ್ಪ ಮಗಳ ಮಾತು ನಿಂತಿತು. ನಡುವೆ ನಾನು ಅಂಚೆಪೆಟ್ಟಿಗೆಯಾದೆ.

ಬುಧವಾರ ಕುಕ್ಕರ್ ಒಲೆಯ ಮೇಲಿಟ್ಟು, ನಲ್ಲಿ ಬಿಟ್ಟು ಬಟ್ಟೆ ಜಾಲಿಸುತ್ತಿದ್ದೆ. ಪಕ್ಕದ ಮನೆಯಿಂದ ಧಡ್ ಎಂಬ ಸದ್ದು, ಮೇಲೊಂದು ಕೂಗು. ಡ್ರಾಯಿಂಗ್ ಟೀಚರ್ ಗೊತ್ತಲ್ಲ, ನಿಮ್ಮಪ್ಪ ಬಾಗಿಲ ಸಂದಿಯಲ್ಲಿ ಹಾಕಿದ ಕರಪತ್ರಗಳನ್ನೆಲ್ಲ ಪುಸ್ತಕದ ನಡುವೆ ಗುರುತಿಗಿಟ್ಟುಕೊಂಡು, "ನಿಮ್ಮ ಯಜಮಾನ್ರ ದಯದಿಂದ ಓದಿದ್ದು ಎಲ್ಲಿಗೆ ನಿಲ್ಸಿದ್ದೆ ಅಂತ ಮರೆಯಲ್ಲ" ಎನ್ನುವವರು? ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಹಿತ್ತಲ ಬಾಗಿಲಿಂದ ಬರಿಗಾಲಲ್ಲೇ ಓಡಿದೆ. ಕನ್ನಡಕ ಮೇಜಿನ ಮೇಲೆ, ಮೊಬೈಲ್ ಚಾರ್ಜಿಗೆ. ಟ್ಯಾಕ್ಸಿಯವನ ಕೈಕಾಲು ಹಿಡಿದು ಅವರನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆ. ತಲೆ ನನ್ನ ತೊಡೆಯ ಮೇಲೆ. ಅಂಥ ನೋವಿನಲ್ಲೂ ಟೀಚರ್, "ಹೇಳ್ದೇ ಬಂದ್ರಿ, ನಿಮ್ಮೆಜಮಾನ್ರು ಗಾಬರಿ ಆಗಲ್ವಾ?" ಅಂದರು. "ಅವರಾ? ಲೋಕವೇ ಮುಳುಗಿದ್ರೂ ಆಗಲ್ಲ, ಅದಕ್ಕೇ ಕಾಯ್ತಿರೋರು" ಅಂದೆ. ನನ್ನ ಬಾಯಿಗೆ ಬೆಂಕಿ ಹಾಕ.

ಅತ್ತ ನಿಮ್ಮಪ್ಪ ಬೇಕರಿಯ ಬೋರ್ಡು ಬರೆದು ಮುಗಿಸಿ ಊಟಕ್ಕೆ ಬಂದಿದ್ದಾರೆ. ಒಲೆ ಉರಿಯುತ್ತಿದೆ. ನಲ್ಲಿ ಸುರಿಯುತ್ತಿದೆ. ಚಪ್ಪಲಿ ಬಾಗಿಲಲ್ಲೇ ಇದೆ. ಮೇಜಿನ ಮೇಲೆ ತೆರೆದ ಸತ್ಯವೇದ, ಅದರ ಮೇಲೆ ನನ್ನ ಕನ್ನಡಕ. ಅರ್ಧ ಹಿಂಡಿದ ಸೀರೆ ಬಕೆಟ್ಟಿನಿಂದ ಜೋತುಬಿದ್ದಿದೆ. ಒಂದು ಅಕ್ಷರವೂ ತಪ್ಪದಂತೆ ಅವರ ಪ್ರಸಂಗವೇ ಮನೆಯಾಗಿ ನಿಂತಿದೆ.

ಮುಗಿದ ಲೋಕದಲ್ಲೂ ಮೊದಲು ಗ್ಯಾಸ್ ಆರಿಸಿದರು, ನಲ್ಲಿ ನಿಲ್ಲಿಸಿದರು. ಅಷ್ಟರಮಟ್ಟಿಗೆ ನನ್ನ ಸಂಸಾರ ಸಾರ್ಥಕ. ಆಮೇಲೆ ಸಭೆಯ ಹೊಲಿಗೆ ಅಕ್ಕನ ಮನೆಗೆ ಓಡಿದರು. ನಮ್ಮ ಸಭೆಯಲ್ಲಿ ಯಾರು ಉಳಿದರೂ ಆಕೆ ಉಳಿಯುವವಳಲ್ಲ. ಬೀಗ. ಅಲ್ಲಿಂದ ಬೀದಿ ತುದಿಯ ಮೆಡಿಕಲ್ ಶಾಪಿಗೆ ಬಂದು ಫೋನ್ ಕೇಳಿ ಪಾಸ್ಟರಿಗೆ ಮಾಡಿದರು. ಸ್ವಿಚ್ ಆಫ್. (ಹೊಲಿಗೆ ಅಕ್ಕ ಗುಂಡಿ ತರಲು ಹೋಗಿದ್ದಳು, ಪಾಸ್ಟರು ಹಲ್ಲು ಕೀಳಿಸಲು. ಪರಲೋಕಕ್ಕೆ ಯಾರೂ ಹೋಗಿರಲಿಲ್ಲ.) ಮುಂದಿನದನ್ನು ಮೆಡಿಕಲ್ ಶಾಪಿನವನೇ ನನಗೆ ಹೇಳಿದ. "ನೀವೂ ಇಲ್ಲೇ ಇದ್ದೀರಾ? ಅಂತ ಕೇಳಿದ್ರಮ್ಮಾ ನನ್ನ. ಬುಧವಾರ ಅಂಗಡಿ ರಜೆ ಇಲ್ವಲ್ಲಾ, ಇಲ್ಲಿರದೆ ಎಲ್ಲಿಗೆ ಹೋಗ್ಲಿ ಅಂದೆ. ನೀವು ಇರ್ತೀರಿ ಅಂತ ಗೊತ್ತಿತ್ತು ಅಂದ್ರು. ಏನಮ್ಮಾ ಹಂಗಂದ್ರೆ?"

ಅವನು ವಿಶ್ವಾಸಿಯಲ್ಲ ಕಣೇ. ಅವನಿರುವುದು ನಿಮ್ಮಪ್ಪನ ಲೆಕ್ಕದಲ್ಲಿ ಸಮಾಧಾನದ ವಿಷಯವಲ್ಲ.

ಆಗ ಅವರು ನಿನ್ನ ನಂಬರ್ ಒತ್ತಿದ್ದಾರೆ. ಮೊಬೈಲು ಕೊನೆಯ ದಿನಗಳ ಗುರುತೆಂದು ಇಟ್ಟುಕೊಳ್ಳದವರು, ನಿನ್ನ ನಂಬರ್ ಹೇಳಲೇ ಎಂದಾಗಲೆಲ್ಲ "ನಂಗ್ಯಾಕೆ?" ಎಂದವರು, ಒಂದು ಅಂಕಿ ತಡವರಿಸದೆ ಒತ್ತಿದರಂತೆ. ಊರ ಅಂಗಡಿಗಳ ನಂಬರುಗಳನ್ನೆಲ್ಲ ಬೋರ್ಡಿನ ಮೇಲೆ ಬರೆದ ಕೈ, ಅಂಕಿ ಮರೆಯುವುದಿಲ್ಲ ಎಂದುಕೊಳ್ಳೋಣ. ಎಲ್ಲರೂ ಹೋಗಿಬಿಟ್ಟ ಲೋಕದಲ್ಲಿ ಖಂಡಿತ ಇರುವವಳು ಒಬ್ಬಳೇ ಎಂದು ಅವರಿಗೆ ಗೊತ್ತಿತ್ತು. ನೀನೇ ಮಾತು ಕೊಟ್ಟಿದ್ದೆಯಲ್ಲ, ಇರ್ತೀನಿ ಎಂದು. ಇದ್ದೆ.

ಸಂಜೆ ನಾನು ಬಂದಾಗ ಅವರು ಅಡಿಗೆಮನೆಯ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ನನ್ನ ಒಂದು ಚಪ್ಪಲಿ. ತಲೆಯೆತ್ತಿ ನನ್ನನ್ನು ನೋಡಿದರು. ಸಂತೋಷವಿಲ್ಲ, ಸಿಟ್ಟಿಲ್ಲ, ಮರುಕ. "ನೀನೂ ಉಳಿದ್ಯಾ?" ಅಂದರು. ನನ್ನ ಕಾಲಿಗೆ ಬೊಬ್ಬೆ ಬಂದಿತ್ತು. "ಉಳಿಯದೆ? ಟೀಚರ್ ಸೊಂಟ ಮುರ್ಕೊಂಡಿದ್ದಾರೆ. ಆ ಚಪ್ಪಲಿ ಈ ಕಡೆ ಕೊಡಿ" ಅಂದೆ. ಎಲ್ಲ ತಿಳಿದ ಮೇಲೆ ನಗುತ್ತಾರೆಂದುಕೊಂಡೆ. ಇಡೀ ಬೀದಿ ನಕ್ಕಿತು, ಪಾಸ್ಟರು ಊದಿದ ಕೆನ್ನೆ ಹಿಡಿದುಕೊಂಡೇ ನಕ್ಕರು. ಇವರು ನಗಲಿಲ್ಲ.

ಮಾರನೆಯ ದಿನ ಅವರು ಬಣ್ಣದ ಡಬ್ಬಿಗಳ ಮುಂದೆ ಸುಮ್ಮನೆ ಕೂತಿದ್ದರು. ಅವರ "ಶೀಘ್ರದಲ್ಲೇ" ಎಂಬ ತಗಡಿನ ಅಚ್ಚು ನಿನಗೆ ನೆನಪಿದೆಯಲ್ಲ? ಅದೇ ಅಚ್ಚಿಟ್ಟು ಅಂಗಡಿಗಳಿಗೆ "ಶೀಘ್ರದಲ್ಲೇ ಆರಂಭ" ಬರೆಯುವರು, ಅದನ್ನೇ ಒರೆಸಿ ಸೇತುವೆಯ ಗೋಡೆಗೆ "ಶೀಘ್ರದಲ್ಲೇ ಬರುತ್ತಾನೆ" ಬರೆಯುವರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ಒಂದ್ಸಲನಾದ್ರೂ ಅನ್ನಿಸ್ಬೇಕಿತ್ತಲ್ವೇನೇ, ಇವಳು ಎಲ್ಲೋ ಹೋಗಿರ್ಬೇಕು ಅಂತ? ಅನ್ನಿಸ್ಲೇ ಇಲ್ಲ. ನನ್ನ ಬಿಟ್ಟುಹೋಗಿದ್ದಕ್ಕೆ ನಂಗೆ ಆಶ್ಚರ್ಯಾನೇ ಆಗ್ಲಿಲ್ಲ ಕಣೇ." ಸಿದ್ಧರಾಗಿ, ಸಿದ್ಧರಾಗಿ ಎಂದು ಇಡೀ ಊರಿಗೆ ಕೂಗಿದವರು ಹೇಳಿದ ಮಾತು ಇದು. "ಕಾಫಿ ಮಾಡ್ಲಾ?" ಅಂದೆ. ಹೆಂಡತಿಯರ ದೈವಜ್ಞಾನ ಅಲ್ಲಿಗೇ ನಿಲ್ಲುತ್ತದೆ.

ನನಗೂ ಸುಸ್ತಾಗಿದೆ ಮಗಳೇ. ತಪ್ಪು ತಿಳಿಯಬೇಡ, ಕರ್ತನು ಬರುತ್ತಾನೆಂಬುದರಲ್ಲಿ ನನಗೆ ಸಂಶಯವಿಲ್ಲ. ಹೊರಡುವ ಗಡಿಬಿಡಿಯಲ್ಲೇ ಒಂದು ಆಯುಷ್ಯ ಕಳೆದದ್ದಕ್ಕೆ ಸುಸ್ತು. ಕಿಟಕಿಗೆ ಪರದೆ ಹೊಲಿಸೋಣ ಎಂದರೆ "ಇನ್ನೆಷ್ಟು ದಿನ ಕಣೇ". ಬಚ್ಚಲ ಬಾಗಿಲು ಕೊಳೆತಿದೆ ಎಂದರೆ "ಇನ್ನೆಷ್ಟು ದಿನ". ಆ ಬಾಗಿಲಿಗೆ ಹಗ್ಗ ಕಟ್ಟಿ ಮುಚ್ಚಿಕೊಂಡೇ ನಿನ್ನನ್ನು ಸಾಕಿದೆ. ರೈಲು ನಿಲ್ದಾಣದಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತವಳ ಹಾಗೆ ಸಂಸಾರ ಮಾಡಿದ್ದೇನೆ, ಕಾಲು ಚಾಚಲಿಲ್ಲ. ಆದರೆ ಬುಧವಾರ ಕರ್ತನು ಬಂದೇಬಿಟ್ಟಿದ್ದರೆ ನಾನು ಸಿಕ್ಕುತ್ತಿದ್ದದ್ದು ಟ್ಯಾಕ್ಸಿಯಲ್ಲಿ, ಬರಿಗಾಲಲ್ಲಿ, ನಮ್ಮ ಸಭೆಯವರಲ್ಲದ ಒಬ್ಬರ ತಲೆ ತೊಡೆಯ ಮೇಲಿಟ್ಟುಕೊಂಡು. ಆತ ಬೇಸರಪಡುತ್ತಿರಲಿಲ್ಲ ಎಂದು ನನಗೆ ಯಾಕೋ ಧೈರ್ಯ. ಇದನ್ನು ನಿಮ್ಮಪ್ಪನಿಗೂ ಹೇಳಿದೆ. ಅವರು, "ನಾನು ಸಿಕ್ಕಿದ್ರೆ ಹೇಗೆ ಸಿಕ್ತಿದ್ದೆ?" ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು: ಮೆಡಿಕಲ್ ಶಾಪಿನ ಮುಂದೆ, ಮಗಳ ನಂಬರ್ ಒತ್ತುತ್ತ. ಹೇಳಲಿಲ್ಲ. ಅವರೇ ಅಲ್ಲಿಗೆ ಬರಲಿ.

ಇದರಲ್ಲಿ ನೀನು ಮಾಡಬೇಕಾದ್ದು ಏನೂ ಇಲ್ಲ. ಕ್ಷಮಿಸು ಎಂದೂ ಹೇಳುತ್ತಿಲ್ಲ, ಬಾ ಎಂದೂ ಕರೆಯುತ್ತಿಲ್ಲ. ಮೇಜಿನಡಿ ಅತ್ತವಳು ನೀನು, ಲೆಕ್ಕ ನಿನ್ನದು. ಸುದ್ದಿ ತಿಳಿಸಿದೆ, ಅಷ್ಟೆ. ಟೀಚರ ಸೊಂಟಕ್ಕೆ ಡಾಕ್ಟರು ಸರಳು ಹಾಕಿದ್ದಾರೆ, ಅವರು ಓದಲು ಪುಸ್ತಕ ಕೇಳುತ್ತಿದ್ದಾರೆ, ಗುರುತಿಗೆ ಕರಪತ್ರ ಬೇಕಂತೆ. ನಿನ್ನ ಗಂಡನಿಗೆ ಬೆನ್ನಿಗೆ ಬಿಸಿನೀರಿನ ಶಾಖ ಕೊಡು.

ಇಂತಿ,
ಸದ್ಯಕ್ಕೆ ಭೂಮಿಯ ಮೇಲೇ ಇರುವ
ನಿನ್ನ ಅಮ್ಮ

ಮರೆತ ಮಾತು: ಏನೂ ಮಾಡಬೇಕಾಗಿಲ್ಲ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಮೆಡಿಕಲ್ ಶಾಪಿನವನು ಶನಿವಾರ ನನ್ನನ್ನು ತಡೆದು, "ಯಜಮಾನ್ರು ದಿನಾ ಬಂದು ಕೆಮ್ಮಿನ ಗುಳಿಗೆ ತಗೋತಾರೆ, ಫೋನ್ ಮಾಡ್ತಾರೆ, ಅದು ಹೋಗಲ್ಲ, ವಾಪಸ್ ಹೋಗ್ತಾರೆ. ಅಷ್ಟೊಂದು ಕೆಮ್ಮಾ?" ಎಂದು ಕೇಳಿದ. ಕೆಮ್ಮೇ ಇಲ್ಲ ಕಣೇ. ನನ್ನ ಮೊಬೈಲು ಕೇಳಲು ಬಿಂಕ, ಅದಕ್ಕೆ ಈ ದಾರಿ. ನಿನ್ನೆ ಪ್ರಾರ್ಥನೆ ಮುಗಿಸಿ ಬರುವಾಗ ಅವರೇ ಬಾಯಿಬಿಟ್ಟರು. "ನಗ್ಬೇಡ, ಒಂದು ಕೇಳ್ತೀನಿ. ಗುರುವಾರ ನಿನ್ ಜೊತೆ ಮಾತಾಡಿದ್ಲು. ಆಮೇಲಿಂದ ನಾನು ಮಾಡಿದ್ರೆ ಫೋನ್ ಹೋಗ್ತಾನೇ ಇಲ್ಲ. ಕರ್ತ ಅವಳನ್ನ ಕರ್ಕೊಂಡು, ನಮ್ಮಿಬ್ಬರನ್ನ ಬಿಟ್ಟಿರ್ಬಹುದಾ?" ಅಂದರು. ತಮಾಷೆಗೆ ಕೇಳಿದರೆಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ನೀನು ಬ್ಲಾಕ್ ಮಾಡಿದ್ದೀಯ ಎನ್ನಲು ನನಗೆ ನಾಲಿಗೆ ಬರಲಿಲ್ಲ. "ಅಲ್ಲಿ ನೆಟ್‌ವರ್ಕ್ ಸರಿ ಇಲ್ವಂತೆ" ಅಂದೆ. ಆದ್ದರಿಂದ ಈ ಕಾಗದ ಮಡಚುವ ಮೊದಲು ಮೊಬೈಲ್ ತೆಗೆದು ಮೆಡಿಕಲ್ ಶಾಪಿನ ಆ ನಂಬರಿನ ಬ್ಲಾಕ್ ತೆಗೆದುಬಿಡು. ಅಂಗಡಿ ಬೆಳಿಗ್ಗೆ ತಿಂಡಿಯ ಹೊತ್ತಿಗೆ ತೆರೆಯುತ್ತದೆ.