ಅಮ್ಮನ ಏಪ್ರನ್ ಜೇಬು

ಟ್ರಾಯ್, ಅಕ್ಟೋಬರ್ 1961

ಪ್ರೀತಿಯ ಅಪ್ಪಾ,

ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನಮ್ಮನ್ನು ಊಟಕ್ಕೆ ಕೂಗುವ ಚಿತ್ರವಿರುವ ಆ ಪತ್ರಿಕೆಯ ಮುಖಪುಟಕ್ಕೆ ಕಟ್ಟು ಹಾಕಿಸಿ ನಿನ್ನ ಕ್ಷೌರದಂಗಡಿಯಲ್ಲಿ ತೂಗುಹಾಕಿದ್ದೀಯಲ್ಲ, ಅದೇ ಸಂಚಿಕೆ ನಿನ್ನೆ ಇಲ್ಲಿನ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿತು. ಇದು ಅಂಚೆಯಲ್ಲಿ ಬಂದ ಪ್ರತಿಯಲ್ಲ, ಹಾಗಾಗಿ ವಿಳಾಸದ ಚೀಟಿ ಇಲ್ಲ. ನಿನ್ನ ಪ್ರತಿಯಲ್ಲಿ 'ಆರ್ಲೋ ಪಿಕೆಟ್' ಎಂಬ ನಿನ್ನ ಹೆಸರಿನ ಚೀಟಿ ಅಂಟಿರುವುದು ಸರಿಯಾಗಿ ಅಮ್ಮನ ಏಪ್ರನ್ ಜೇಬಿನ ಮೇಲೆ.

ಗಿರಣಿಯಲ್ಲಿ ಎರಡು ಬೆರಳು ಹೋದಮೇಲೆ ಅಮ್ಮ ಆ ಕೈಯನ್ನು ಜೇಬಿನಿಂದ ಹೊರಗೆ ತೆಗೆದದ್ದೇ ಕಡಿಮೆ. ಚಿತ್ರಕ್ಕೆ ನಿಂತ ದಿನವೂ ಅದನ್ನು ಬರೆದ ಕಲಾವಿದ ಹ್ಯಾಲ್ವರ್ಸನ್‌ಗೆ, "ಈ ಕೈ ಚಿತ್ರದಲ್ಲಿ ಬರೋದಾದ್ರೆ ನಾನು ಈಗ್ಲೇ ಮನೆಗೆ ಹೊರಟೆ" ಎಂದಿದ್ದಳಂತೆ. "ಕೈ ಬೇಡ ಬಿಡು ಎಡ್ನಾ, ಜೇಬು ಕೊಡು ಸಾಕು" ಎಂದು ಅವನು ನಕ್ಕನಂತೆ.

ಅಪ್ಪಾ, ಆ ಜೇಬನ್ನು ಅವನು ಬರೆದಿರುವುದನ್ನು ನೀನು ನೋಡಬೇಕು! ಬಟ್ಟೆಯ ಮೇಲೆ ಮೂರು ಬೆರಳುಗಳ ಉಬ್ಬು. ಉಳಿದೆರಡರ ಜಾಗದಲ್ಲಿ ಬಟ್ಟೆ ಮೆಲ್ಲಗೆ ಒಳಕ್ಕೆ ಕುಸಿದಿದೆ, ಆ ತಗ್ಗಿನ ತುಂಬ ಸಂಜೆಯ ಬಿಸಿಲು. ಮಹರಾಯ ಅಮ್ಮನ ಮುಖಕ್ಕೂ ಅಷ್ಟು ಬೆಳಕು ಕೊಟ್ಟಿಲ್ಲ. ನಾನು ನಿಂತೇ ಇದ್ದದ್ದು ನೋಡಿ ಅಂಗಡಿಯವನು, "ಯಾಕಮ್ಮ, ಹುಷಾರಿದ್ದೀಯಾ?" ಎಂದು ಕುರ್ಚಿ ತಂದ.

ಮುಖಪುಟವನ್ನು ಕಟ್ಟಿನಿಂದ ಬಿಡಿಸು, ಆದರೆ ಚೀಟಿಯನ್ನು ಉಗುರಿನಿಂದ ಕೀಳಬೇಡ. ಗಿರಾಕಿಗಳ ಮುಖಕ್ಕೆ ಇಡುವ ಬಿಸಿ ಟವೆಲನ್ನು ಚೆನ್ನಾಗಿ ಹಿಂಡಿ ಅದರ ಮೇಲಿಡು, ತಾನೇ ಬಿಟ್ಟುಕೊಳ್ಳುತ್ತದೆ. ಅಂಗಡಿ ಬಾಗಿಲು ಹಾಕಿಕೊಂಡು ಮೊದಲು ಅಮ್ಮನಿಗೆ ತೋರಿಸು. ಬೈದರೆ ಬೈಯಲಿ. ಅವಳು ಹೂಂ ಎಂದರೆ ಮಾತ್ರ ಮತ್ತೆ ಗೋಡೆಗೆ ಹಾಕು.

ಬೇಡ ಎಂದರೆ, ನಿನ್ನ ಹೆಸರನ್ನು ಮತ್ತೆ ಅಲ್ಲೇ ಅಂಟಿಸಿಬಿಡು.

ನಿನ್ನ ಮಗಳು,
ವಿಲ್ಮಾ