ಮುದಿ ಗೋಲ್‌ಕೀಪರ್‌ನ ಪರವಾಗಿ

ಅಣ್ಣಾ,

ನೀನು ಕಣ್ಣು ಮುಚ್ಚಿದ್ದೇ ತಡ, ನಮ್ಮ ತಂಡ ಕಪ್ ಗೆದ್ದಿತು. "ಇವನನ್ನ ಕೊಳ್ಳೋಕೆ ದುಡ್ಡನ್ನೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ತೊಳೆದ್ರು" ಎಂದು ನೀನು ಶಪಿಸುತ್ತಿದ್ದೆಯಲ್ಲ, ಆ ಹೊಸ ಗೋಲ್‌ಕೀಪರನೇ ಗೆಲ್ಲಿಸಿದ. ನಿನ್ನ ಹೊಟ್ಟೆ ಉರಿಯಲಿ ಎಂದೇ ಬರೆಯುತ್ತಿದ್ದೇನೆ.

ಇವತ್ತು ಕ್ಷೌರದ ಅಂಗಡಿಯಲ್ಲೂ ಅದೇ ಮಾತು. "ಆ ಹಳೇ ಗೋಲ್‌ಕೀಪರ್‌ನ, ಆ ಮುದಿ ದಂಡಪಿಂಡನ್ನ, ಬೇರೆ ತಂಡಕ್ಕೆ ಮಾರಿದ್ದೇ ಒಳ್ಳೇದಾಯ್ತು" ಎಂದ ಕ್ಷೌರಿಕ. ನನಗೆ ಮೈಯೆಲ್ಲ ಉರಿಯಿತು. ಒಂದು ಕೆನ್ನೆಯ ನೊರೆ ಹಾಗೇ ಇರುವಾಗಲೇ ಎದ್ದು ನಿಂತೆ. "ಇಷ್ಟು ವರ್ಷ ದುಡಿದೋನನ್ನ ಮುದಿ ಎತ್ತು ಮಾರಿದ ಹಾಗೆ ಮಾರೋದಾ?" ಎಂದು ನಿನ್ನದೇ ಮಾತಿನಲ್ಲಿ ಕೂಗಾಡಿದೆ.

"ಅಲ್ಲಾ ಸ್ವಾಮಿ, ಇದೇ ಕುರ್ಚೀಲಿ ಕೂತು, ಅವನನ್ನ ಮೊದಲು ಮಾರ್ಲಿ ಅಂತ ನಿಮ್ಮಣ್ಣನ ಹತ್ರ ಜಗಳ ಆಡ್ತಿದ್ದೋರು ನೀವೇ ಅಲ್ವಾ?"

"ಆಗ ಪಕ್ಕದ ಕುರ್ಚೀಲಿ ಜಗಳ ಆಡೋಕೆ ಆ ಹಾಳಾದೋನು ಇದ್ದ" ಎಂದೆ.