ಹಿಮಕ್ಕೆ ಮುಂಚಿನ ಗೊಬ್ಬರ

ವಿಸ್ಕಾನ್ಸಿನ್, ಅಕ್ಟೋಬರ್ 19

ಪ್ರೀತಿಯ ವರ್ನಾ,

ನಿನ್ನೆ ಕೆಟ್ಟ ಕನಸು ಬಿತ್ತು. ಹಿಮ ಕರಗಿದ ಮೇಲೆ ನಿನ್ನ ಮನೆ ಮುಂದಿನ ಹುಲ್ಲು ಗೊಬ್ಬರ ಹೆಚ್ಚಾಗಿ ಪಟ್ಟೆಪಟ್ಟೆಯಾಗಿ ಸುಟ್ಟುಹೋಗಿತ್ತು. ನೀನು ಕಿಟಕಿಯಲ್ಲಿ ನಿಂತಿದ್ದೆ, ಆದರೆ ಬೈಯಲಿಲ್ಲ. ಬೈಯಲಿಲ್ಲವಲ್ಲ ಅಂತಲೇ ಹೆದರಿ ಎಚ್ಚರಾಯಿತು.

ಅದಕ್ಕೇ ಇವತ್ತು ಗೊಬ್ಬರ ಹಾಕುವಾಗ ಬಹಳ ಹುಷಾರಾಗಿದ್ದೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಚೀಲದ ಮೇಲಿನ ಲೆಕ್ಕ ತಲೆಗೆ ಹತ್ತಲಿಲ್ಲ. ಗೊಬ್ಬರ ಉದುರಿಸುವ ತಳ್ಳುಗಾಡಿಯ ಅಳತೆ ಮುಳ್ಳನ್ನು ನೀನು ಉಗುರುಬಣ್ಣದಲ್ಲಿ ಇಟ್ಟಿದ್ದ ಕೆಂಪು ಚುಕ್ಕಿಗೇ ತಿರುಗಿಸಿ, ಉದ್ದಕ್ಕೆ ಅರ್ಧ ಚೀಲ, ಅಡ್ಡಕ್ಕೆ ಅರ್ಧ ಚೀಲ ತಳ್ಳಿದೆ. ಎದುರು ಮನೆಯ ಗಾರ್ಡಿ ಸುಮ್ಮನಿರುತ್ತಾನೆಯೇ?

"ಏನಯ್ಯಾ ಲೈಲ್, ನಿನ್ನ ಹುಲ್ಲಿಗೆ ಉಪವಾಸ, ಅವಳ ಹುಲ್ಲಿಗೆ ಹಬ್ಬದೂಟಾನಾ?"

"ನನ್ನ ಹುಲ್ಲು ಯಾರಿಗೂ ಚಾಡಿ ಹೇಳಲ್ಲ ಕಣಯ್ಯಾ, ಅವಳದು ಹೇಳುತ್ತೆ" ಅಂದೆ.

ಗೊಬ್ಬರ ಹಿಡಿಯಿತೋ ಇಲ್ಲವೋ ಮೇ ತಿಂಗಳವರೆಗೆ ತಿಳಿಯುವುದಿಲ್ಲ. ಆಗ ನೋಡಿ ಬೈಯಲು ನೀನು ಇಲ್ಲಿರಬೇಕು.

ಕೆಲಸ ಮುಗಿಸಿ ನಿನ್ನ ಜಗಲಿಯ ಮೆಟ್ಟಿಲು ಎಣಿಸಿದೆ, ನಾಲ್ಕಿವೆ. ಸೊಂಟ ಮುರಿದ ಮೇಲೆ ಆಸ್ಪತ್ರೆಯಲ್ಲಿ ನಿನಗೆ ನಡೆಯಲು ಕಲಿಸುತ್ತಿರುವ ಆ ಹುಡುಗಿ, ಮೂರು ಮೆಟ್ಟಿಲು ಹತ್ತಿದರೆ ಮನೆಗೆ ಕಳಿಸುತ್ತೇನೆ ಅಂದಳು ಅಂತ ನೀನು ಫೋನಿನಲ್ಲಿ ಹೇಳಿದ ನೆನಪು. ಮೂರೇ ಆದರೆ, ನೆಲ ಹೆಪ್ಪುಗಟ್ಟುವ ಮುಂಚೆ ಮಣ್ಣು ಏರಿಸಿ ಕೆಳಗಿನ ಮೆಟ್ಟಿಲನ್ನು ಮುಚ್ಚಿಬಿಡುತ್ತೇನೆ. ಅಷ್ಟು ಜಾಗದ ಹುಲ್ಲು ಹೋಗುತ್ತದೆ, ಹೋಗಲಿ.

ಅವಳನ್ನು ಇನ್ನೊಮ್ಮೆ ಕೇಳಿ ಬರೆ, ಅವಳು ಅಂದದ್ದು ಮೂರೇ ತಾನೇ?

ಪಕ್ಕದ ಮನೆಯ
ಲೈಲ್